ಕೋಟಣ್ಣ ಬರೆದ ಮೂರೆಳೆ ಸರ

ಕೋಟಣ್ಣ ಜನ್ಮದಲ್ಲಿ ಒಂದು ಕೋಟು ತೊಟ್ಟವನಲ್ಲ. ಊರಲ್ಲಿ ಸತ್ತವರಿಗೆಲ್ಲ ಕೋಟು ತೊಡಿಸಿದವನು, ಹೆಸರು ಬಂದದ್ದು ಹಾಗೆ. ಎರಡು ಬೀದಿ ಕೂಡುವ ಮೂಲೆಯಲ್ಲಿ, ಚಪ್ಪಲಿ ಅಂಗಡಿಯ ಮೇಲೆ ಒಂದು ಫೋಟೊ ಸ್ಟುಡಿಯೊ ಇತ್ತು. ಅದರ ಮರದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಸತ್ತವರ ಚಿತ್ರ ಮಾಡಿಸಲು ಬಂದವರು ಯಾತಕ್ಕೂ ಇರಲಿ, ತಮ್ಮದೂ ಒಂದು ಮಾಡಿಸಿಬಿಡೋಣ ಎಂದುಕೊಳ್ಳುತ್ತಲೇ ಹತ್ತುತ್ತಿದ್ದರು. ಅಲ್ಲಿ ಕಿಟಕಿಯ ಪಕ್ಕ ಕತ್ತು ಬಗ್ಗಿಸಿ, ನಾಲ್ಕು ಕೂದಲಿನ ಕುಂಚ ಹಿಡಿದು, ಕೋಟಣ್ಣ ತನ್ನ ಆಯುಸ್ಸಿನ ಒಳ್ಳೆಯ ಭಾಗವನ್ನೆಲ್ಲ ಕಳೆದ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಗೆ ಹಾಕಲು ಒಂದು ದೊಡ್ಡ ಚಿತ್ರ ಬೇಕು. ಆ ಕಾಲದ ಜನ ಬದುಕಿರುವಾಗ ಫೋಟೊ ತೆಗೆಸುವ ಗೊಡವೆಗೆ ಹೋದವರಲ್ಲ. ಹುಡುಕಿದರೆ ಸಿಗುತ್ತಿದ್ದದ್ದು ಕೆಲಸದ ಗುರುತಿನ ಚೀಟಿಯ ಮೇಲಿನ ಹೆಬ್ಬೆಟ್ಟಿನಷ್ಟು ಮುಖ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನಲ್ಲಿ ನಿಂತ, ಒಂದು ಕಿವಿ ಪಕ್ಕದವನ ಭುಜದ ಹಿಂದೆ ಹೋದ ತಲೆ. ಕೋಟಣ್ಣ ಆ ತಲೆಯನ್ನು ಗುಂಪಿನಿಂದ ಬಿಡಿಸಿ ತಂದು, ದೊಡ್ಡದು ಮಾಡಿಸಿ, ಇಲ್ಲದ ಕಿವಿ ಬರೆದು, ಕೆನ್ನೆಗೆ ಬಣ್ಣ ಹಾಕಿ, ಕತ್ತಿನ ಕೆಳಗೆ ಒಂದು ಕೋಟು ಬರೆಯುತ್ತಿದ್ದ. ಕೋಟು ಯಾವಾಗಲೂ ಒಂದೇ. ಕಡುನೀಲಿ, ಎರಡು ಸಾಲು ಗುಂಡಿ, ಎಡಗಡೆ ಜೇಬು. ಸ್ಟುಡಿಯೊದ ಮಾಲೀಕ ಅವನಿಗೆ ಕಲಿಸಿದ್ದು ಅದೊಂದೇ ಕೋಟು, ಗಿರಾಕಿಗಳೂ ಇನ್ನೊಂದು ಕೇಳಲಿಲ್ಲ.

ಬದುಕಿರುವಷ್ಟು ದಿನ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತವನು ಗೋಡೆಗೆ ಬಂದ ಮೇಲೆ ಟೈ ಕಟ್ಟಿ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ರೈಲ್ವೆಯೇ ತನ್ನ ಸ್ವಂತದ್ದು ಎನ್ನುವ ಹಾಗೆ ನಿಲ್ಲುತ್ತಿದ್ದ. "ಓದು ಬರಹ ಬರ್ತಿರ್ಲಿಲ್ಲ ನಿಜ, ಆದ್ರೂ ಜೇಬಿಗೊಂದು ಪೆನ್ನು ಇರ್ಲಿ" ಎನ್ನುತ್ತಿದ್ದರು ಮಕ್ಕಳು. ಕೈಗೆ ಗಡಿಯಾರ ಕೇಳುತ್ತಿದ್ದರು. ಚಿತ್ರ ಸೊಂಟದವರೆಗೆ ಮಾತ್ರ ಬರುವುದಾದರೂ ಬೂಟು ಕೇಳಿದವರುಂಟು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ ಗಾದೆ ಇದೆಯಲ್ಲ, ಕೋಟಣ್ಣ ಆ ಹಾಲು ಕರೆದು ಕೊಡುತ್ತಿದ್ದ, ಅಷ್ಟೇ.

ಒಬ್ಬಳೇ ಒಬ್ಬಳು ತಕರಾರು ತೆಗೆದದ್ದು. ರೊಟ್ಟಿ ಬೇಯಿಸುವವನ ಹೆಂಡತಿ. ಚಿತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಯಾರಿವರು?" ಅಂದಳು.

"ನಿಮ್ಮ ಯಜಮಾನ್ರು."

"ಅವರು ಒಲೆ ಮುಂದೆ ನಿಂತೂ ನಿಂತೂ ಮೈಮೇಲಿನ ಬನಿಯನ್ನೇ ಕಿತ್ತು ಬಿಸಾಕೋರು. ಬದುಕಿದ್ದಾಗ ಬೆಂದಿದ್ದು ಸಾಲ್ದು ಅಂತ ನೀವು ಈಗ ಕೋಟು ಹಾಕಿ ಬೇಯಿಸ್ತೀರಲ್ಲ."

ಹಾಗಂದವಳು ಚಿತ್ರವನ್ನು ಮನೆಗೆ ಒಯ್ದಳು. ವರ್ಷ ತುಂಬುವುದರೊಳಗೆ ಅಕ್ಕಪಕ್ಕದವರ ಹತ್ತಿರ, ನಮ್ಮವರು ಕೋಟಿಲ್ಲದೆ ಹೊಸ್ತಿಲು ದಾಟಿದವರೇ ಅಲ್ಲ ಎಂದು ಹೇಳತೊಡಗಿದಳು. ಹೇಳುವಾಗ ಕಣ್ಣಲ್ಲಿ ನೀರು ತರುತ್ತಿದ್ದಳು, ಅದು ಸುಳ್ಳು ನೀರಲ್ಲ.

ಹೆಂಗಸರಿಗೆ ಕೋಟು ಬರುವುದಿಲ್ಲ, ಸರ ಬರುತ್ತದೆ. ಕೋಟಣ್ಣನಿಗೆ ಬರುತ್ತಿದ್ದದ್ದು ಒಂದೇ ಸರ. ಸ್ಟುಡಿಯೊದಲ್ಲಿ ಕುಂಚಗಳನ್ನಿಡುವ ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಯಾವುದೋ ದೇಶದ ರಾಣಿಯ ಚಿತ್ರವಿತ್ತು. ಕೊರಳಲ್ಲಿ ಮೂರು ಎಳೆ, ನಡುವೆ ಕೊಕ್ಕು ಬಾಗಿಸಿದ ಒಂದು ಹಂಸದ ಪದಕ. ಕಲಿಯುವಾಗ ಅದನ್ನೇ ನೋಡಿ ಬರೆದು ಬರೆದು ಕೈ ಕೂತಿತ್ತು. ಹೀಗಾಗಿ ಪಾತ್ರೆ ತೊಳೆದವಳು, ಸೊಪ್ಪು ಮಾರಿದವಳು, ಇನ್ನೊಬ್ಬರ ಮಗು ಆಡಿಸಿದವಳು, ಎಲ್ಲರೂ ಸತ್ತ ಮೇಲೆ ರಾಣಿಯ ಸರ ತೊಟ್ಟರು. ರಾಣಿಗೂ ಇಷ್ಟೊಂದು ಜನ ತನ್ನ ಸರ ಎರವಲು ತಗೊಂಡದ್ದು ಗೊತ್ತಾಗಲಿಲ್ಲ, ಪುಣ್ಯ.

ಅವನ ತಾಯಿಯೂ ಆ ಸಾಲಿಗೆ ಸೇರಿದಳು. ಅವಳು ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದವಳು. ಅವಳು ತೀರಿಕೊಂಡಾಗ ಕೋಟಣ್ಣ ಮೀಸೆ ಚಿಗುರಿದ ಹುಡುಗ, ಸರಕ್ಕೆ ಆಗಷ್ಟೇ ಕೈ ಕೂತಿತ್ತು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಮಿಲ್ಲಿನ ಗುರುತಿನ ಚೀಟಿಯಿಂದ ಅಮ್ಮನ ಮುಖ ತೆಗೆದು ದೊಡ್ಡದು ಮಾಡಿದಾಗ, ಕೊರಳು ಬೋಳಾಗಿ ಕಂಡಿತು. ಬೋಳಾಗಿಯೇ ಇದ್ದ ಕೊರಳು ಅದು, ಆದರೆ ಅಷ್ಟು ದೊಡ್ಡದಾಗಿ ಅವನು ಯಾವತ್ತೂ ನೋಡಿರಲಿಲ್ಲ. ತಾನು ದುಡಿದು ಅವಳಿಗೆ ಒಂದು ಗಾಜಿನ ಮಣಿಯನ್ನೂ ತಂದುಕೊಟ್ಟಿರಲಿಲ್ಲ ಎಂದು ಅವನಿಗೆ ನೆನಪಾಯಿತು. ಊರವರ ಅಮ್ಮಂದಿರಿಗೆ ಅರ್ಧ ದಿನದಲ್ಲಿ ಬರೆದು ಬಿಸಾಕುತ್ತಿದ್ದ ಸರವನ್ನು ಅಮ್ಮನಿಗೆ ವಾರಗಟ್ಟಲೆ ಬರೆದ. ಒಂದೊಂದು ಮಣಿಗೂ ಬೆಳಕಿನ ಚುಕ್ಕಿ ಇಟ್ಟ. ಹಂಸಕ್ಕೆ ಕಣ್ಣು ಬರೆದ, ಹೆಗಲಿಗೆ ರೇಷ್ಮೆಯ ಸೆರಗು ಬರೆದ. ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಶೃಂಗಾರ ಮಾಡಬಾರದು ಅಂತ ದೊಡ್ಡವರು ಹೇಳಿದ್ದನ್ನು ಅವನೂ ಕೇಳಿದ್ದ. ಆದರೆ ಅವನ ಕಸುಬೇ ಅದಾದ್ದರಿಂದ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಅಕ್ಕ ಚಿತ್ರ ನೋಡಿ, "ಮೂಗು ಅಮ್ಮಂದೇ. ಮಿಕ್ಕಿದ್ದು ಯಾರ ಮನೇದೋ?" ಎಂದು ನಕ್ಕು, ಸೆರಗಿನಿಂದ ಗಾಜು ಒರೆಸಿ, ಮೊಳೆ ಹೊಡೆದು ನೇತುಹಾಕಿದಳು. ತಮ್ಮನಿಗೆ ಆಗ ಎರಡೋ ಮೂರೋ ವರ್ಷ. ಅವನಿಗೆ ನೆನಪು ಬಲಿಯುವ ಹೊತ್ತಿಗೆ ಅಮ್ಮ ಅಂದರೆ ಗೋಡೆಯ ಮೇಲಿನ ಮೂರೆಳೆ ಸರದ ರೇಷ್ಮೆಯ ಹೆಂಗಸೇ.

ಆ ತಮ್ಮನನ್ನು ಸಾಕಿದವಳು ಅಕ್ಕ. ಅವಳದು ದರ್ಜಿ ಅಂಗಡಿಗೆ ಕಾಜ ಹಾಕುವ ಕೆಲಸ. ಅಂಗಿಯನ್ನು ಹೊಲಿಯುವವನು ದರ್ಜಿ, ಹೆಸರು ಬರುವುದು ಅವನಿಗೆ. ಗುಂಡಿ ತೂರುವ ಸೀಳನ್ನು ಬಿಡಿಸಿ, ಅದರ ಸುತ್ತ ಒತ್ತೊತ್ತಾಗಿ ದಾರ ಸುತ್ತುವವಳನ್ನು ಯಾರೂ ಕೇಳುವುದಿಲ್ಲ. ಕಾಜ ಹಾಕಿ ಹಾಕಿ ಅವಳು ತಮ್ಮನನ್ನು ಓದಿಸಿದಳು. ಕೋಟಣ್ಣನೂ ಕೈಲಾದದ್ದು ಕೊಟ್ಟ, ಅವನ ಕೈಲಾದದ್ದು ಎಷ್ಟೆಂದು ಹೇಳುವುದು ಮರ್ಯಾದೆಯಲ್ಲ. ತಮ್ಮ ವಿಮಾ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆದ, ಮನೆ ಕಟ್ಟಿಸಿದ, ಮದುವೆಯಾದ. "ನಾನು ಯಾರ ಆಸರೇನೂ ಇಲ್ದೆ ಸ್ವಂತ ಕಾಲ ಮೇಲೆ ನಿಂತೋನು" ಎಂದು ಕಚೇರಿಯಲ್ಲಿ ಹೊಸಬರಿಗೆ ಬುದ್ಧಿ ಹೇಳುತ್ತಿದ್ದ. ಕಾಲು ಸ್ವಂತದ್ದೇ, ಅದರಲ್ಲಿ ಅನುಮಾನವಿಲ್ಲ.

ತಮ್ಮನ ಮದುವೆಯಾದ ಮೇಲೆ ಅಕ್ಕ ದರ್ಜಿ ಅಂಗಡಿಯ ಹಿಂದಿನ ಒಂದು ಕೋಣೆಗೆ ಹೋದಳು. ಕಾರಣ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಇಂಥದ್ದರಲ್ಲಿ ನಮ್ಮ ಮನೆಗಳು ಬಲು ನಾಜೂಕು. ಮದುವೆಯಾಗದ ಕೋಟಣ್ಣ ಮಾತ್ರ ತಮ್ಮನ ಮನೆಯಲ್ಲೇ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ತನ್ನ ಬಣ್ಣದ ಶೀಷೆ, ಸ್ಟುಡಿಯೊದಿಂದ ತಂದುಕೊಂಡ ಬಿಸ್ಕತ್ತಿನ ಡಬ್ಬಿಯ ಜೊತೆ ಉಳಿದ. ಭಾನುವಾರ ಭಾನುವಾರ ಅಕ್ಕ ಊಟಕ್ಕೆ ಬರುತ್ತಿದ್ದಳು. ತಮ್ಮನ ಮಗಳಿಗೆ ಅತ್ತೆ ಅಂದರೆ ಜೀವ. ಆ ಹುಡುಗಿಗೆ ಈಗ ಮದುವೆ ಗೊತ್ತಾಗಿತ್ತು. ಮದುವಣಗಿತ್ತಿಯ ಉಡುಪಿನ ಕಸೂತಿಯನ್ನೆಲ್ಲ ಅತ್ತೆಯೇ ಹಾಕುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಬಟ್ಟೆಯನ್ನು ಮೂಗಿನ ಹತ್ತಿರಕ್ಕೆ ಹಿಡಿದುಕೊಂಡು ಹಾಕುತ್ತಿದ್ದಳು.

ಎಲ್ಲ ಹೀಗೆ ನೆಟ್ಟಗಿರುವಾಗ ಊರಿಗೆ ಒಬ್ಬರು ವಿದ್ವಾಂಸರು ಬಂದರು. ವಸ್ತುಸಂಗ್ರಹಾಲಯದವರು. ಊರ ಜನ ಅವರನ್ನು ಪ್ರದರ್ಶನದ ಸಾಹೇಬರು ಎಂದು ಕರೆದರು. ಹಿಂದಿನ ಕಾಲದ ಜನ ಹೇಗೆ ಉಡುತ್ತಿದ್ದರು, ಏನು ತೊಡುತ್ತಿದ್ದರು, ತಮ್ಮನ್ನು ತಾವು ಏನೆಂದುಕೊಂಡಿದ್ದರು ಎಂಬುದನ್ನು ಚಿತ್ರಗಳಿಂದ ಕಂಡುಹಿಡಿಯುವುದು ಅವರ ವಿದ್ಯೆ. ಮನೆಮನೆಗೆ ಹೋಗಿ, ಗೋಡೆಯ ಮೇಲಿದ್ದ ಅಜ್ಜ ಅಜ್ಜಿಯರನ್ನೆಲ್ಲ ಇಳಿಸಿ, ಪುರಭವನದಲ್ಲಿ ಸಾಲಾಗಿ ತೂಗುಹಾಕಿಸಿದರು. ಉದ್ಘಾಟನೆಯ ಭಾಷಣದಲ್ಲಿ ಅವರು ಹೇಳಿದ ಪ್ರಕಾರ, ಆ ಊರಿನಲ್ಲಿ ಹಿಂದೆ ಮೇಲು ಕೀಳು ಇರಲಿಲ್ಲ, ಏಕೆಂದರೆ ಎಲ್ಲರೂ ಒಂದೇ ಬಣ್ಣದ ಕೋಟು ತೊಡುತ್ತಿದ್ದರು. ಗುಂಡಿಗಳ ಸಾಲು ನೋಡಿದರೆ ಇಲ್ಲಿ ಬಲು ಶಿಸ್ತಿನ ದರ್ಜಿಗಳ ಸಂಘವೇ ಇದ್ದಿರಬೇಕು. ಹೆಂಗಸರ ಹಂಸದ ಪದಕವಂತೂ ಬೇರೆ ಯಾವ ಊರಿನಲ್ಲೂ ಕಾಣದ, ಈ ಊರಿನದೇ ಗುರುತು.

ಜನ ಉಬ್ಬಿಹೋದರು. ತಾವು ಇಂಥ ಊರಿನವರು ಎಂದು ತಮಗೇ ಗೊತ್ತಿರಲಿಲ್ಲವಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ಕೋಟಣ್ಣ ನಾಚಿಕೆಯಿಂದ ತಲೆ ತಗ್ಗಿಸಿದ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಇಡೀ ಊರಿನ ಸಂಸ್ಕೃತಿ ತನ್ನ ಒಂದು ಕೈಯಿಂದ ಬಂದದ್ದೆಂದರೆ ಯಾರಿಗೆ ಖುಷಿಯಾಗುವುದಿಲ್ಲ.

ತಮ್ಮನ ಹೆಂಡತಿ ಮಾತ್ರ ಗಂಡನ ತಾಯಿಯ ಚಿತ್ರದ ಮುಂದೆ ನಿಂತವಳು ಅಲ್ಲಾಡಲಿಲ್ಲ. ಆ ಚಿತ್ರವನ್ನು ಅವಳು ಇಪ್ಪತ್ತು ಚಿಲ್ಲರೆ ವರ್ಷ ನೋಡಿದ್ದಳು, ಧೂಳು ಹೊಡೆದಿದ್ದಳು. ಆದರೆ ಮನೆಯಲ್ಲಿ ಅದರ ಕೆಳಗೆ ಚೀಟಿ ಇರಲಿಲ್ಲ. ಇಲ್ಲಿ ಅಚ್ಚಾದ ಚೀಟಿ ಇತ್ತು: "ಸ್ಥಿತಿವಂತ ಮನೆತನದ ಗೃಹಿಣಿ. ಮೂರೆಳೆಯ ಚಿನ್ನದ ಸರ, ಹಂಸದ ಪದಕ." ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಗಂಡನ ಕಡೆ ತಿರುಗಿ, "ಹಾಗಾದ್ರೆ ಅದು ಈಗ ಎಲ್ಲಿದೆ?" ಅಂದಳು.

ಪ್ರಶ್ನೆ ಮನೆಗೆ ಬಂತು, ಊಟಕ್ಕೆ ಕೂತಿತು, ಹಾಸಿಗೆಯಲ್ಲೂ ಮಲಗಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಸರ ಇತ್ತು ಅಂದ ಮೇಲೆ ಯಾರೋ ತೆಗೆದುಕೊಂಡಿರಬೇಕು. ಅಮ್ಮನ ಕೊನೆಗಾಲದಲ್ಲಿ ಪಕ್ಕದಲ್ಲಿದ್ದವಳು ಅಕ್ಕ. ಪೆಟ್ಟಿಗೆ ತೆಗೆದವಳು ಅಕ್ಕ. ಮದುವೆಯೂ ಆಗದೆ, ಯಾರ ಮುಂದೂ ಕೈ ಚಾಚದೆ ಇಷ್ಟು ವರ್ಷ ಒಬ್ಬಳೇ ಬದುಕಿದವಳು ಅಕ್ಕ. ಹೇಗೆ ಬದುಕಿದಳು ಎಂದು ಈಗ ಎಲ್ಲರಿಗೂ ಥಟ್ಟನೆ ಹೊಳೆಯಿತು.

ಮುಂದಿನ ಭಾನುವಾರ ಅಕ್ಕ ಊಟಕ್ಕೆ ಬಂದಾಗ ತಮ್ಮ ತಟ್ಟೆಯಿಂದ ತಲೆಯೆತ್ತದೆ ಕೇಳಿದ. "ಅಮ್ಮನ ಸರ ಏನಾಯ್ತಕ್ಕ?"

"ಯಾವ ಸರ?"

"ಊರಿಗೆಲ್ಲ ಕಂಡಿರೋ ಸರ. ನಿಂಗೊಬ್ಬಳಿಗೆ ಗೊತ್ತಿಲ್ವಾ?"

ಅಕ್ಕ ಮೊದಲು ನಕ್ಕಳು. ತಮ್ಮನೂ ಅವನ ಹೆಂಡತಿಯೂ ನಗದ್ದನ್ನು ನೋಡಿ ನಗು ನಿಲ್ಲಿಸಿದಳು. ಕೈ ತೊಳೆದುಕೊಂಡು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಕಂತೆ. ನೋಡ್ಕೊಂಡೆ, ಏನೂ ಇಲ್ಲ" ಎಂದು ಹೇಳಿ ಹೊರಟುಹೋದಳು. ತಮ್ಮನ ಹೆಂಡತಿ ಆವತ್ತೇ ತೀರ್ಮಾನ ಹೇಳಿದಳು. ಸರ ಮಗಳ ಕೊರಳಿಗೆ ಬರಬೇಕಾದ್ದು. ಅದು ಬರುವ ತನಕ, ಅಥವಾ ಕೊನೇಪಕ್ಷ ತಗೊಂಡೆ ಅಂತ ಒಪ್ಪಿಕೊಳ್ಳುವ ತನಕ, ಆ ಹೆಂಗಸು ಈ ಮದುವೆಯಲ್ಲಿ ಕಾಲಿಡಬಾರದು. ಕಸೂತಿಯ ಬಟ್ಟೆಯನ್ನು ಮಾತ್ರ ಆಳು ಕಳಿಸಿ ತರಿಸಿಕೊಂಡರಾಯಿತು.

ಕೋಟಣ್ಣ ಅಡ್ಡಬಂದ. "ಆ ಸರ ಇರ್ಲೇ ಇಲ್ಲ. ನಾನು ಬರೆದಿದ್ದು" ಅಂದ.

"ಭಾವ, ಅಕ್ಕನ್ನ ಉಳಿಸ್ಕೊಳ್ಳೋಕೆ ನೀವು ಹೇಳ್ತಿರೋದು ನಂಗೆ ಗೊತ್ತಾಗಲ್ವಾ?" ಅಂದಳು ತಮ್ಮನ ಹೆಂಡತಿ.

"ಊರಿಗೆಲ್ಲ ಬರೆದಿದ್ದೀನಿ. ಎಲ್ಲದ್ರಲ್ಲೂ ಅದೇ ಸರ. ಹೋಗಿ ನೋಡು."

"ಊರವರಿಗೆ ನೀವು ಸುಳ್ಳು ಬರೆದಿರಬಹುದು. ಹೆತ್ತ ತಾಯಿಗೆ ಯಾರಾದ್ರೂ ಸುಳ್ಳು ಬರೀತಾರಾ? ಅತ್ತೆಯವರ ಸರ ನೋಡಿಯೇ ನೀವು ಬೇರೆಯವರಿಗೆ ಬರೆದಿರೋದು. ಅಷ್ಟು ಅರ್ಥ ಆಗಲ್ವಾ?"

ಕೋಟಣ್ಣ ಎದ್ದ. ಕೋಣೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು, ಮುಚ್ಚಳದ ರಾಣಿಯನ್ನು ತೋರಿಸಿದ. ತಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ಹೆಂಡತಿಗೂ ತೋರಿಸಿದ. "ನೋಡು, ರಾಣಿಗಳು ಹಾಕ್ಕೊಳ್ಳೋಂಥ ಸರ" ಅಂದ. ಅಲ್ಲಿಗೆ ಸರದ ಬೆಲೆ ಇನ್ನಷ್ಟು ಏರಿತು.

ಕೋಟಣ್ಣ ಪುರಭವನಕ್ಕೆ ಓಡಿದ. ಪ್ರದರ್ಶನದ ಸಾಹೇಬರು ಅವನನ್ನು ಕೂರಿಸಿ, ಚಹಾ ತರಿಸಿ, ಪೂರ್ತಿ ಕೇಳಿದರು. ಅವರೇನೂ ಮೂರ್ಖರಲ್ಲ. ಭಾಷಣದ ಮಾರನೆಯ ದಿನವೇ ಅವರಿಗೆ ಕೋಟುಗಳ ಮೇಲೆ ಅನುಮಾನ ಬಂದಿತ್ತಂತೆ. "ಆದ್ರೆ ಇದು ಇನ್ನೂ ಸ್ವಾರಸ್ಯ ಕಣ್ರೀ" ಅಂದರು. "ಇದ್ದದ್ದನ್ನ ಯಾರು ಬೇಕಾದ್ರೂ ತೂಗುಹಾಕ್ತಾರೆ. ಈ ಊರಿನವರು ಆಗಬೇಕು ಅಂದ್ಕೊಂಡದ್ದನ್ನ ತೂಗುಹಾಕಿದ್ದಾರೆ. ಅದೂ ಚರಿತ್ರೆನೇ. ಇದರ ಮೇಲೆ ಇನ್ನೊಂದು ಲೇಖನ ಬರೀಬಹುದು."

"ಬರೀರಿ. ಅದಕ್ಕೆ ಮುಂಚೆ, ಆ ಸರ ಇರ್ಲಿಲ್ಲ ಅಂತ ಒಂದು ಮಾತು ನಮ್ಮನೆಗೆ ಬಂದು ಹೇಳಿ."

ಸಾಹೇಬರು ಚಹಾದ ಲೋಟ ಕೆಳಗಿಟ್ಟರು. "ಚಿತ್ರ ನೋಡಿ ಇತ್ತು ಅಂತ ಹೇಳಬಹುದು. ಇರಲಿಲ್ಲ ಅಂತ ಹೇಳೋಕೆ ನಮಗೆ ಸಾಕ್ಷಿ ಬೇಕಾಗುತ್ತೆ. ನೀವು ಹೇಳಿದ್ದು ಸಾಕ್ಷಿ ಆಗಲ್ಲ, ನೀವು ಮನೆಯವರು." ಬೀಳ್ಕೊಡುವಾಗ ಅವನ ಬೆನ್ನು ತಟ್ಟಿ, ಅಮ್ಮನ ಚಿತ್ರವನ್ನು ಅವನ ಕೈಗೆ ಕೊಟ್ಟರು. ಕೆಳಗಿನ ಚೀಟಿ ಹಾಗೇ ಅಂಟಿಕೊಂಡಿತ್ತು, ಒಳ್ಳೆಯ ಅಂಟು.

ಕಂಕುಳಲ್ಲಿ ಅಮ್ಮನನ್ನು ಹಿಡಿದು ನಡೆದುಕೊಂಡು ಬರುವಾಗ ಕೋಟಣ್ಣನಿಗೆ ಉಪಾಯ ಹೊಳೆಯಿತು. ತಾನು ಬರೆದದ್ದನ್ನು ತಾನೇ ಅಳಿಸಿದರಾಯಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಬಣ್ಣವೆಲ್ಲ ಎದ್ದುಬರುತ್ತದೆ, ಕೆಳಗೆ ಫೋಟೊ ಉಳಿಯುತ್ತದೆ, ಫೋಟೊದಲ್ಲಿ ಅಮ್ಮನ ಬೋಳು ಕೊರಳು ಇದೆ. ಅದಕ್ಕಿಂತ ಸಾಕ್ಷಿ ಇನ್ನು ಯಾವ ಸಾಹೇಬರಿಗೆ ಬೇಕು. ಅವನಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ತಾನು ಬರೆದ ಕೆಲಸಗಳಲ್ಲೆಲ್ಲ ಒಳ್ಳೆಯದು ಅದೊಂದೇ ಎಂಬುದನ್ನೂ ಮರೆತ.

ನಡುಮನೆಯ ಮೇಜಿನ ಮೇಲೆ ಚಿತ್ರ ಇಟ್ಟು, ಗಾಜು ಬಿಚ್ಚಿ, ಗಂಡ ಹೆಂಡತಿ ಇಬ್ಬರನ್ನೂ ಕರೆದು ನಿಲ್ಲಿಸಿದ. ಹತ್ತಿ ಅದ್ದಿ ಹಿಂಡಿ, ಹಂಸದ ಕೊಕ್ಕಿನ ಹತ್ತಿರ ತಂದ. ತಮ್ಮ ಅವನ ಮಣಿಕಟ್ಟು ಹಿಡಿದುಕೊಂಡ. ಹೆಡ್ ಕ್ಲಾರ್ಕ್ ಹಿಡಿಯುವ ಹಾಗೆ ಹಿಡಿಯಲಿಲ್ಲ, ಮಕ್ಕಳು ಹಿಡಿಯುವ ಹಾಗೆ ಹಿಡಿದ.

"ಬೇಡ ಅಣ್ಣ."

"ಬಿಡು. ಕೆಳಗೇನಿದೆ ನೋಡು."

"ಏನೂ ನೋಡೋದು ಬೇಡ. ನಂಗೆ ನೆನಪಿದೆ. ಅಮ್ಮನ ಬಗ್ಗೆ ನಂಗೆ ಇರೋದು ಅದೊಂದೇ ನೆನಪು. ಎದೆ ಮೇಲೆ ಮಲಗಿಸ್ಕೊಂಡಿರೋಳು. ಆ ಹಂಸದ ಕೊಕ್ಕು ನನ್ನ ಕೆನ್ನೆಗೆ ತಣ್ಣಗೆ ತಾಗೋದು. ಒಂದೊಂದ್ಸಲ ಚುಚ್ಚೋದು. ನಾನು ಅತ್ರೆ ಅದನ್ನ ಪಕ್ಕಕ್ಕೆ ಸರಿಸಿ ತಲೆ ಸವರೋಳು. ಇದು ಸುಳ್ಳಾ? ನಾನು ಸುಳ್ಳು ಹೇಳ್ತಿದ್ದೀನಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಐವತ್ತರ ಹತ್ತಿರ ಬಂದ ಮನುಷ್ಯ, ಕೆನ್ನೆಯ ಮೇಲೆ ಆ ಜಾಗವನ್ನೂ ಮುಟ್ಟಿ ತೋರಿಸಿದ. ಕೋಟಣ್ಣ ಹತ್ತಿಯನ್ನು ಬಟ್ಟಲಿಗೆ ಹಾಕಿಬಿಟ್ಟ. ತಾನು ಬಣ್ಣ ಹಾಕಿದ್ದು ಕಾಗದಕ್ಕೆ ಎಂದುಕೊಂಡಿದ್ದ. ಅದು ತಮ್ಮನ ತಲೆಯೊಳಗೆ ಇಳಿದು ಅಲ್ಲಿ ಒಣಗಿ ಕೂತದ್ದು ಅವನಿಗೆ ಈಗ ಗೊತ್ತಾಯಿತು. ಅಲ್ಲಿಗೆ ಯಾವ ಸ್ಪಿರಿಟ್ಟೂ ಹೋಗುವುದಿಲ್ಲ.

ಸಂಜೆ ಅಕ್ಕನ ಕೋಣೆಗೆ ಹೋದ. ಅಲ್ಲಿ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲಿ ನಿಲ್ಲಬೇಕು. ಅಕ್ಕ ದೀಪದ ಕೆಳಗೆ ಕೂತು ಅದೇ ಮದುವಣಗಿತ್ತಿಯ ಬಟ್ಟೆಗೆ ಕಸೂತಿ ಹಾಕುತ್ತಿದ್ದಳು. ಇಷ್ಟೆಲ್ಲ ಆದ ಮೇಲೂ ಯಾಕೆ ಹಾಕುತ್ತೀಯೆ ಎಂದು ಕೇಳಲು ಅವನಿಗೆ ಧೈರ್ಯವಾಗಲಿಲ್ಲ. ಸಾಹೇಬರು ಹೇಳಿದ್ದು, ಹತ್ತಿ ಅದ್ದಿದ್ದು, ತಮ್ಮ ಕೈ ಹಿಡಿದದ್ದು, ತಣ್ಣನೆಯ ಕೊಕ್ಕಿನ ಕತೆ, ಎಲ್ಲ ಹೇಳಿದ.

ಅಕ್ಕನ ಕೈ ನಿಂತಿತು. "ಕೆನ್ನೆಗೆ ಚುಚ್ತಿತ್ತು ಅಂದ್ನಾ?"

"ಹೂಂ. ಪಾಪ, ಎಲ್ಲಿಂದ ಕಲ್ಪಿಸ್ಕೊಂಡನೋ."

"ಕಲ್ಪನೆ ಅಲ್ಲ ಕಣೋ ಅದು." ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನನ್ನ ಕತ್ತರಿ. ದಾರ ಕತ್ತರಿಸೋ ಸಣ್ಣ ಕತ್ತರೀನ ಕೊರಳಿಗೆ ಕಟ್ಕೊಂಡಿರ್ತಿದ್ದೆ, ಕೆಳಗಿಟ್ರೆ ಮಗು ಎತ್ಕೊಳ್ಳುತ್ತೆ ಅಂತ. ಇವನು ನೆಲದ ಮೇಲೆ ಮಲಗ್ತಿರ್ಲಿಲ್ಲ. ಎದೆ ಮೇಲೆ ಹಾಕ್ಕೊಂಡೇ ಕಾಜ ಹಾಕ್ತಿದ್ದೆ. ಅಮ್ಮ ಹೋಗಿ ಆಗ್ಲೇ ವರ್ಷ ಆಗಿತ್ತು."

ಕೋಟಣ್ಣ ಒಮ್ಮೆಲೇ ಎದ್ದು ನಿಂತ. "ನಡಿ. ಈಗ್ಲೇ ಹೋಗಿ ಹೇಳೋಣ. ಇದಕ್ಕಿಂತ ಇನ್ನೇನು ಬೇಕು?"

"ಕೂತ್ಕೋ."

"ಅಕ್ಕ, ನಿನ್ನ ಕಳ್ಳಿ ಅಂದಿದ್ದಾರೆ."

"ಅವನಿಗೆ ಅಮ್ಮ ಅಂತ ಇರೋದು ಅಷ್ಟೇ ಚೂರು. ಅದನ್ನೂ ನಂದು ಅಂತ ಕಿತ್ಕೊಂಡು ಬರ್ಲಾ?" ಅಂದಳು ಅಕ್ಕ. ಅವಳಿಗೆ ಆಸೆಯಿರಲಿಲ್ಲ ಎಂದೇನಲ್ಲ. ಅದು ತನ್ನ ಎದೆ, ತನ್ನ ಕತ್ತರಿ, ತನ್ನ ಕೈ ಎಂದು ಹೇಳಬೇಕೆಂಬ ಆಸೆ ಅವಳ ಮುಖದಲ್ಲೇ ಇತ್ತು. ಆದರೂ ಅವಳು ಮತ್ತೆ ಸೂಜಿ ಹಿಡಿದಳು.

ಭಾನುವಾರ, ಯಾರೂ ಕರೆಯದಿದ್ದರೂ, ಅಕ್ಕ ತಮ್ಮನ ಮನೆಗೆ ಬಂದಳು. ಕಸೂತಿ ಮುಗಿಸಿದ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು. ಕೂರಲಿಲ್ಲ. ಗೋಡೆಯ ಮೇಲೆ ಚೀಟಿಯ ಸಮೇತ ವಾಪಸು ಬಂದಿದ್ದ ಅಮ್ಮನನ್ನು ಒಮ್ಮೆ ನೋಡಿ, ತಮ್ಮನಿಗೆ ಹೇಳಿದಳು.

"ಸರ ನಾನೇ ತಗೊಂಡಿದ್ದು."

ತಮ್ಮನ ಹೆಂಡತಿ ನಿಟ್ಟುಸಿರು ಬಿಟ್ಟಳು. ಇಷ್ಟು ದಿನ ಇದನ್ನು ಹೇಳಿಸಲು ಪಟ್ಟ ಪಾಡು ಆ ಉಸಿರಿನಲ್ಲಿತ್ತು. ಕೋಟಣ್ಣ ಬಾಯಿ ತೆರೆದ. ಅಕ್ಕ ಅವನ ಕಡೆ ಬಿಟ್ಟ ಒಂದು ನೋಟಕ್ಕೆ ಬಾಯಿ ಮುಚ್ಚಿಕೊಂಡ.

"ಈಗೆಲ್ಲಿದೆ?" ಅಂದ ತಮ್ಮ.

"ಮಾರಿದೆ. ಮೊದಲನೇ ಎಳೆ ನಿನ್ನ ಸ್ಕೂಲಿಗೆ. ಎರಡನೇದು ಕಾಲೇಜಿಗೆ. ಮೂರನೇದು ನಿಂಗೆ ಕೆಲಸ ಸಿಗೋ ತನಕ ಮನೆಗೆ."

"ಹಂಸ?"

ಅಕ್ಕ ಗೋಡೆಯ ಮೇಲಿನ ಹಂಸವನ್ನು ನೋಡಿದಳು. "ನಿಂಗೆ ಟೈಫಾಯ್ಡ್ ಬಂದಿತ್ತಲ್ಲ. ಹಂಸ ಆವಾಗ ಹೋಯ್ತು."

ತಮ್ಮ ಕುರ್ಚಿಯಿಂದ ಎದ್ದು ಬಂದ. ಅಕ್ಕನ ಎರಡೂ ಕೈ ಹಿಡಿದು, ಹೋ ಎಂದು ಅತ್ತ. "ಅಮ್ಮನ ಸರ ಮಾರಿ ನನ್ನ ಓದಿಸಿದೆಯಾ ಅಕ್ಕ. ಒಂದು ದಿನ ಹೇಳಲಿಲ್ವಲ್ಲ. ನಾನು ಸ್ವಂತ ಕಾಲ ಮೇಲೆ ನಿಂತೋನು ಅಂದ್ಕೊಂಡಿದ್ನಲ್ಲ" ಎಂದು ಬಿಕ್ಕಿದ. ಅವನ ಹೆಂಡತಿಯೂ ಕಣ್ಣೊರೆಸಿಕೊಂಡಳು. ಹೋದದ್ದು ಒಳ್ಳೆಯ ಕೆಲಸಕ್ಕೆ ಹೋಯಿತಲ್ಲ, ದೊಡ್ಡ ಮನಸ್ಸು ಮಾಡಿ ಕ್ಷಮಿಸೋಣ ಅಂದಳು. ಮದುವೆಗೆ ಮುಂಚಿತವಾಗಿಯೇ ಬಂದುಬಿಡಬೇಕು ಅಂದಳು.

ಆ ಕೈಗಳ ಹೆಬ್ಬೆರಳು, ತೋರುಬೆರಳು ಸೂಜಿ ಚುಚ್ಚಿ ಚುಚ್ಚಿ ಕಲ್ಲಾಗಿದ್ದವು. ತಮ್ಮ ಅವುಗಳನ್ನೇ ಹಿಡಿದು ಅಳುತ್ತಿದ್ದ, ನೋಡಲಿಲ್ಲ. ಕಾಜ ಹಾಕಿ ಓದಿಸಿದ ಅಕ್ಕನಿಗೆ ಆ ಮನೆಯಲ್ಲಿ ಒಂದು ಕೋಣೆ ಸಿಕ್ಕಿರಲಿಲ್ಲ. ಇಲ್ಲದ ಸರ ಮಾರಿ ಓದಿಸಿದ ಅಕ್ಕನಿಗೆ ಮದುವೆಯಲ್ಲಿ ಮೊದಲ ಸಾಲಿನ ಕುರ್ಚಿ ಸಿಕ್ಕಿತು. ಕೋಟಣ್ಣ ಅಳಬೇಕೋ ನಗಬೇಕೋ ತಿಳಿಯದೆ, ಕೋಣೆಗೆ ಹೋಗಿ ಕುಂಚ ತೊಳೆಯುತ್ತ ಕೂತ. ಎಲ್ಲ ತೊಳೆದೇ ಇದ್ದವು, ಮತ್ತೆ ತೊಳೆದ.

ಮದುವೆ ಚೆನ್ನಾಗಿಯೇ ಆಯಿತು. ಮನೆಯವರ ಫೋಟೊ ತೆಗೆಯುವ ಹೊತ್ತು ಬಂದಾಗ ತಮ್ಮ ಅಕ್ಕನನ್ನು ಕೈ ಹಿಡಿದು ತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದ. ಫೋಟೊಗ್ರಾಫರ್ ಕ್ಯಾಮರಾದಿಂದ ಕಣ್ಣು ತೆಗೆದು, "ಅಜ್ಜಿ ಕೊರಳು ಖಾಲಿ ಕಾಣುತ್ತೆ" ಅಂದ. ಅಷ್ಟಕ್ಕೇ ತಮ್ಮನ ಹೆಂಡತಿ ತನ್ನ ಕೊರಳಿನ ದಪ್ಪ ಚಿನ್ನದ ಸರ ಬಿಚ್ಚಿ, ಎಲ್ಲರೂ ನೋಡುತ್ತಿರುವಾಗ, ಅಕ್ಕನಿಗೆ ತೊಡಿಸಿದಳು. ನೆಂಟರೆಲ್ಲ ಎಂಥ ಸೊಸೆ ಎಂದು ತಲೆದೂಗಿದರು. ತಮ್ಮನ ಕಣ್ಣು ಮತ್ತೆ ತುಂಬಿತು. ಅಕ್ಕ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಬಚ್ಚಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಹಿಂದೆ ನಿಂತಿದ್ದ ಕೋಟಣ್ಣನಿಗೆ ಅವಳ ಕತ್ತಿನ ಹಿಂದಿನ ಕೊಂಡಿ ಕಾಣುತ್ತಿತ್ತು.

ಬೆಳಕು ಮಿನುಗಿತು. ಇನ್ನೊಂದು ಸಲ ಮಿನುಗಿತು. "ಆಯ್ತು" ಅಂದ ಫೋಟೊಗ್ರಾಫರ್.

ತಮ್ಮನ ಹೆಂಡತಿ ಅಕ್ಕನ ಕಿವಿಯ ಹತ್ತಿರ ಬಗ್ಗಿದಳು. "ಕೊಟ್ಬಿಡಿ ಅಕ್ಕ. ಜನ ಜಾಸ್ತಿ, ಎಲ್ಲಾದ್ರೂ ಹೋಗ್ಬಿಟ್ರೆ ಕಷ್ಟ" ಎಂದು, ತಾನೇ ಕೈ ಹಾಕಿ ಕೊಂಡಿ ಬಿಚ್ಚಿಕೊಂಡಳು.